ಯಮನಪ್ಪ ಸರ್ ಅವರ ನಿಂತ ಕ್ಲಾಸು

ಯಮನಪ್ಪ ಸರ್ ಬಗ್ಗೆ ಒಂದು ಸವಿನೆನಪು ಬರೆದುಕೊಡಿ ಎಂದು ಸ್ಮರಣ ಸಂಚಿಕೆಯವರು ಬೆನ್ನು ಹತ್ತಿದ್ದಾರೆ. "ಸಿಟ್ಟಿನ ಮಾತು ಬ್ಯಾಡ್ರಿ ಮೇಡಂ, ಹೋದವರ ಬಗ್ಗೆ ಛಲೋ ಬರೀರಿ" ಎಂದು ಫೋನಿನಲ್ಲಿ ಎಚ್ಚರಿಸಿಯೂ ಇದ್ದಾರೆ. ಎಚ್ಚರಿಸಲು ಕಾರಣವಿದೆ. ಕಳೆದ ತಿಂಗಳು ಸರ್ ತೀರಿಕೊಂಡಾಗ ನಡೆದ ಶೋಕಸಭೆಯಲ್ಲಿ ಅವರ ಫೋಟೋವನ್ನು ಕೆತ್ತನೆಯ ಕುರ್ಚಿಯೊಂದರ ಮೇಲೆ ಕೂರಿಸಿ, ಜರಿಯ ಶಾಲು ಹೊದಿಸಿದ್ದರು. ನಾನು ಹೋಗಿ ಫೋಟೋ ಎತ್ತಿ ಗೋಡೆಯ ಮೊಳೆಗೆ ನೇತುಹಾಕಿ, ಕುರ್ಚಿಯನ್ನು ಕಾಲಿನಿಂದ ಬದಿಗೆ ಸರಿಸಿದೆ. "ಆ ಗಬ್ಬೂರಿನ ಸುಮಲತಾಗ ಎಷ್ಟು ಸೊಕ್ಕು" ಎಂದು ಸಭೆಯಲ್ಲಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಸೊಕ್ಕೋ ಏನೋ, ಯಾಕೆ ಹಾಗೆ ಮಾಡಿದೆ ಎಂಬುದನ್ನೇ ಬರೆಯುತ್ತೇನೆ. ಸವಿ ಇದ್ದರೆ ನೀವೇ ಹುಡುಕಿಕೊಳ್ಳಿ.

ವಿದ್ಯಾನಗರದ ಹಿಂದಿನ ಓಣಿಯಲ್ಲಿ ಶರೀಫಸಾಬರ ಸ್ಕೂಟರ್ ಗ್ಯಾರೇಜು. ಅದರ ಮೇಲಿನ ಕೋಣೆಯಲ್ಲಿ ಸರ್ ಪಿಯುಸಿ ಓದುವ ಹುಡುಗ ಹುಡುಗಿಯರನ್ನು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ತೊಂಬತ್ತರ ದಶಕದ ಮಾತು. ಹುಬ್ಬಳ್ಳಿಯಲ್ಲಿ ಆಗ ಪಿಯುಸಿ ಆದ ಮಕ್ಕಳು ಡಾಕ್ಟರಾಗಬೇಕು, ಇಲ್ಲವೇ ಇಂಜಿನಿಯರಾಗಬೇಕು. ಎರಡೂ ಆಗದವರು ಬಿ.ಎ., ಬಿ.ಕಾಂ. ಓದಿ, ಅಲ್ಲಿಂದಲೂ ದಾರಿ ಕಾಣದೆ ಹೋದಾಗ ವಕೀಲಕಿಗೆ ಬರುತ್ತಿದ್ದರು. ಹದಿನೇಳನೆಯ ವಯಸ್ಸಿಗೇ, ಬೇಕೆಂತಲೇ ಕಾನೂನು ಓದುತ್ತೇನೆ ಎಂದವರ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ಮನೆಯವರು ನೋಡುತ್ತಿದ್ದರು. ಬೆಂಗಳೂರಿನಲ್ಲಿ ಐದು ವರ್ಷದ ಕಾನೂನು ಪದವಿ ಇದೆ, ಅದಕ್ಕೆ ಪರೀಕ್ಷೆ ಇದೆ, ನಮ್ಮಂಥವರೂ ಬರೆಯಬಹುದು ಎಂದು ಈ ಊರಿನ ಮಕ್ಕಳಿಗೆ ಹೇಳಿದವರು ಯಮನಪ್ಪ ಸರ್ ಒಬ್ಬರೇ. ಹೇಳುವಾಗಲೂ ಬೈದುಕೊಂಡೇ ಹೇಳುತ್ತಿದ್ದರು.

ಆ ಕೋಣೆಯಲ್ಲಿ ಬೆಂಚು ಇರಲಿಲ್ಲ. ಚಾಪೆಯೂ ಇರಲಿಲ್ಲ. ಎಲ್ಲರೂ ನಿಂತೇ ಕಲಿಯಬೇಕು. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುವುದೂ ನಿಂತು, ಗಣಿತ ಬಿಡಿಸುವುದೂ ಗೋಡೆಗೆ ಹಾಳೆ ಒತ್ತಿಕೊಂಡು ನಿಂತು. ವಿದ್ಯಾನಗರದ ಮಂದಿ ಅದಕ್ಕೆ 'ನಿಂತ ಕ್ಲಾಸು' ಎಂದು ಹೆಸರಿಟ್ಟಿದ್ದರು. ಬೆಂಚು ಕೊಳ್ಳುವ ತಾಕತ್ತಿಲ್ಲ, ಅದಕ್ಕೇ ಈ ನಾಟಕ ಎಂದು ನಗುತ್ತಿದ್ದರು. ಒಬ್ಬ ಹುಡುಗನ ತಂದೆ ನಾಲ್ಕು ಹೊಸ ಬೆಂಚು ಮಾಡಿಸಿ ಕಳಿಸಿದರು. ಸರ್ ಅವನ್ನು ಕೆಳಗೆ ಶರೀಫಸಾಬರ ಗ್ಯಾರೇಜಿಗೆ ಕೊಟ್ಟುಬಿಟ್ಟರು. ಅಲ್ಲಿಂದ ಮುಂದೆ ಮೆಕ್ಯಾನಿಕ್ಕುಗಳು ತೇಗದ ಬೆಂಚಿನ ಮೇಲೆ ಕುಳಿತು ಚಹಾ ಕುಡಿದರು, ನಾವು ಮೇಲೆ ಕಾಲು ನೋಯಿಸಿಕೊಂಡು ನಿಂತೆವು. ಆ ತಂದೆ ಕೆಂಡವಾಗಿ ಬಂದ.

"ಪರೀಕ್ಷಾ ಬರಿಯೋದು ಕುಂತು, ನೀವು ಕಲಿಸೋದು ನಿಂತು. ಇದೆಂಥ ಪದ್ಧತಿರಿ?"

"ಪರೀಕ್ಷಾ ಎರಡ ತಾಸಿಂದು. ಕೋರ್ಟು ಜೀವಮಾನದ್ದು" ಎಂದರು ಸರ್. "ನಿಮ್ಮ ಮಗಾ ಕುಂದರಬೇಕಂದ್ರ ಬ್ಯಾಂಕಿನ ಪರೀಕ್ಷಾ ಬರಸ್ರಿ. ಹೋಗ್ರಿ."

ಅವರ ಪಾಠದ ರೀತಿ ಹೀಗೆ. ಮೊದಲು ಒಂದು ನಿಯಮ ಹೇಳುತ್ತಾರೆ, ಆಮೇಲೆ ಒಂದು ಸಂಗತಿ. ಸಾಕಿದ ಪ್ರಾಣಿ ಮಾಡಿದ ನುಕಸಾನಿಗೆ ಸಾಕಿದವನೇ ಹೊಣೆ, ಇದು ನಿಯಮ. ಹುಬ್ಬಳ್ಳಿಯ ಹಂದಿಯೊಂದು ಓಡಿಬಂದು ಮಂಡಕ್ಕಿ ಗಿರ್ಮಿಟ್ ಮಾರುವವನ ಗಾಡಿ ಉರುಳಿಸಿತು, ಇದು ಸಂಗತಿ. ಗಾಡಿಯವನ ಪರವಾಗಿ ವಾದಿಸು. ನಾವು ಬಾಯಿ ತೆರೆದು ಅರ್ಧ ವಾಕ್ಯ ಮುಗಿಸುವುದರೊಳಗೆ ಸರ್ ನ್ಯಾಯಾಧೀಶರಾಗಿ ಗುಡುಗುತ್ತಿದ್ದರು. "ಹಂದಿ ಯಾರದು ಅಂತ ಮೊದಲ ತೋರಸ್ರಿ! ತೋರಸಾಕ ಆಗಂಗಿಲ್ಲಾ? ಸಾಕು, ಕುಂದರ್ರಿ!" ಎದುರು ವಕೀಲರಾಗಿ ಅಣಕಿಸುತ್ತಿದ್ದರು. "ಏ ತಂಗಿ, ಇದು ಅಡಗಿ ಮನಿ ಅಲ್ಲ, ಕುಂದರು!" ಟೇಬಲ್ಲಿನ ಮೇಲೆ ಡಸ್ಟರು ಬಡಿಯುತ್ತಿದ್ದರು. ಅವರು ಎಷ್ಟೇ ಕೂಗಲಿ, ನಾವು ನಿಲ್ಲಿಸಿದ ಕಡೆಯಿಂದಲೇ ಮಾತು ಮುಂದುವರಿಸಬೇಕು. 'ಕುಂದರ್ರಿ' ಎಂದಾಗ ಮೊಣಕಾಲು ಮಡಚಿದವರು ಮರುದಿನ ಕ್ಲಾಸಿನ ಹೊರಗೆ, ಮೆಟ್ಟಿಲ ಮೇಲೆ ನಿಂತು ಪಾಠ ಕೇಳಬೇಕು. ಮೊದಮೊದಲು ನನಗೆ ಅಳು ಬರುತ್ತಿತ್ತು. ಶರೀಫಸಾಬರ ಮಗಳು ಅಲ್ಫಿಯಾ ನನ್ನ ಜೊತೆ ಓದುತ್ತಿದ್ದಳು. ಅವಳಿಗೆ ಅಳುವಿನ ಬದಲು ನಗು ಬರುತ್ತಿತ್ತು. ಸರ್ ಕೂಗಿದಷ್ಟೂ ಆಕೆ ತಣ್ಣಗೆ, "ಆತೇನ್ರಿ ಸರ? ಈಗ ನಾ ಹೇಳ್ಲಾ?" ಎನ್ನುತ್ತಿದ್ದಳು. ಅವಳನ್ನು ನೋಡಿ ನಾನೂ ಕಲಿತೆ.

ಯಾಕಿಷ್ಟು ಹಟ ಎಂದು ಒಂದು ದಿನ ಕೇಳಿಯೇಬಿಟ್ಟೆ. ಸರ್ ಡಸ್ಟರು ಕೆಳಗಿಟ್ಟರು. ಆಮೇಲೆ ಹೇಳಿದರು.

ಅವರು ನರಗುಂದದ ಕಡೆಯ ಹಳ್ಳಿಯವರು. ಆ ಊರಿನ ಗೌಡರ ಕಟ್ಟೆಯ ಮುಂದೆ ಅವರ ಅಪ್ಪ ಜೀವಮಾನವಿಡೀ ನಿಂತೇ ಇದ್ದವರು. ಅವರ ಕೇರಿಯವರಿಗೆ ಕಟ್ಟೆಯ ಮೇಲೆ ಕೂರುವ ಹಕ್ಕಿರಲಿಲ್ಲ. ಹೊಟ್ಟೆ ಕಟ್ಟಿ ಮಗನನ್ನು ವಕೀಲನನ್ನಾಗಿ ಮಾಡಿದರು. ಸರ್ ಕರಿಕೋಟು ಹಾಕಿಕೊಂಡ ಮೊದಲ ವರ್ಷ ದುರಗವ್ವ ಎಂಬ ಕೂಲಿ ಹೆಂಗಸಿನ ಕೇಸು ಸಿಕ್ಕಿತು. ಆಕೆಯ ಗುಡಿಸಲು ಕಿತ್ತು ಹಾಕಲು ಹೊರಟಿದ್ದ ಧಣಿಯ ಪರವಾಗಿ ಊರಿಗೇ ದೊಡ್ಡ ವಕೀಲರು ನಿಂತಿದ್ದರು. ಸರ್ ವಾದ ಶುರು ಮಾಡಿದ ಕೂಡಲೇ ಆ ದೊಡ್ಡವರು ತಿರುಗಿ, ನಗುತ್ತ, ಬಹಳ ಪ್ರೀತಿಯಿಂದ ಎಂಬಂತೆ, "ಯಮನಪ್ಪ, ಕುಂದರಪಾ" ಎಂದರು.

"ಕುಂತುಬಿಟ್ಟೆ" ಎಂದರು ಸರ್. "ಹೆದರಿ ಅಲ್ಲ. ದೊಡ್ಡವರು ಕುಂದರು ಅಂದ್ರ ನಮ್ಮ ಮನಿ ಮಂದಿಗೆ ಅದು ಮರ್ಯಾದಿ. ನಮ್ಮಪ್ಪಗ ಯಾರೂ ಅಂದಿರಲಿಲ್ಲ. ಅಷ್ಟು ಮಂದಿಯೊಳಗ ನನಗ ಅಂದ್ರಲ್ಲ ಅಂತ ಸಂತೋಷದಿಂದ ಕುಂತೆ. ಮತ್ತ ಏಳೋದರಾಗ ಎಲ್ಲಾ ಮುಗದಿತ್ತು. ಹೊರಗ ಬಂದ ಮ್ಯಾಲೆ ದುರಗವ್ವ ಬೈಲಿಲ್ಲ. 'ಮುಗೀತೇನ್ರಿ ಸಾಹೇಬ್ರ? ನಾ ಗಂಟು ಕಟ್ಟಲೇನ್ರಿ?' ಅಂತ ಕೇಳಿದ್ಲು."

ಆಮೇಲೆ ಅವರು ಕೋರ್ಟಿನ ಕಡೆ ಹೆಚ್ಚು ಹೋಗಲಿಲ್ಲ. ಟ್ಯೂಷನ್ನು, ಟೈಪಿಂಗು, ಏನೇನೋ ಮಾಡಿ ಕೊನೆಗೆ ಈ ಕ್ಲಾಸು. ಅವರ ಸಿಟ್ಟು ನಮ್ಮ ಮೇಲಿನದ್ದಲ್ಲ ಎಂದು ಅವತ್ತು ತಿಳಿಯಿತು. ಆದರೂ ನೋಯುವ ಕಾಲು ನಮ್ಮದೇ ಆಗಿತ್ತು.

ಇನ್ನು ನನ್ನ ವಿಷಯ. ನನ್ನ ಅಪ್ಪ ಗುರುಶಿದ್ದಪ್ಪನಿಗೆ ಎಪಿಎಂಸಿಯಲ್ಲಿ ರೈತರ ಮೆಣಸಿನಕಾಯಿಯನ್ನು ಲಿಲಾವು ಕೂಗಿ ಹರಾಜು ಹಾಕುವ ದಲಾಲಿ ಅಂಗಡಿ, ಗಬ್ಬೂರಿನಲ್ಲಿ ಮನೆ. ಇಂಗ್ಲಿಷ್ ಸುಧಾರಿಸಲಿ ಎಂದು ನನ್ನನ್ನು ಕ್ಲಾಸಿಗೆ ಕಳಿಸಿದ್ದ. ಬೆಂಗಳೂರಿಗೆ ಹೋಗಿ ಕಾನೂನು ಓದುತ್ತೇನೆ, ಪರೀಕ್ಷೆಯ ಅರ್ಜಿಗೆ ಪಾಲಕರ ಸಹಿ ಬೇಕು ಎಂದಾಗ ಮನೆಯಲ್ಲಿ ಬಿರುಗಾಳಿ ಎದ್ದಿತು. ನನ್ನ ಸೋದರಮಾವ ನೀಲಪ್ಪ ತನ್ನ ಮಗ ಮುತ್ತುಗೆ ನನ್ನನ್ನು ತಂದುಕೊಳ್ಳುವುದೆಂದು ನಾನು ಲಂಗ ಹಾಕುತ್ತಿದ್ದಾಗಲೇ ಮಾತಾಗಿತ್ತಂತೆ. ಅರ್ಜಿ ಕಳಿಸಲು ಆ ವಾರವೇ ಕೊನೆ. "ಐತವಾರ ಮಾವ ಬರ್ತಾನ, ಹಿರಿಯಾರೂ ಬರ್ತಾರ. ಕುಂತು ಮಾತಾಡೋಣ" ಎಂದ ಅಪ್ಪ. ನಮ್ಮ ಕಡೆ ಹೆಣ್ಣುಮಕ್ಕಳ ಬಾಳಿನ ತೀರ್ಮಾನವೆಲ್ಲ ಹೀಗೆ ಪಡಸಾಲೆಯ ಜಮಖಾನದ ಮೇಲೆ ಗಂಡಸರು ಕುಳಿತೇ ಆಗುವುದು. ಹೆಂಗಸರು ಅಡಿಗೆ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳುವುದು. ನಾನು ಓಡಿಹೋಗಿ, ಮಾವನ ಹೊಲದ ಕೇಸಿನವರೆಗೆ ಎಲ್ಲವನ್ನೂ ಸರ್‌ಗೆ ಹೇಳಿದೆ. "ನಾ ಬರ್ತೇನಿ" ಎಂದರು.

ಬಂದರು. ಏಪ್ರಿಲ್ಲಿನ ಬಿಸಿಲಿನಲ್ಲಿ, ಲೂನಾ ಮೇಲೆ, ಆ ಹಳೆಯ ಕರಿಕೋಟು ಹಾಕಿಕೊಂಡು ಬಂದರು. ಕೋಟಿನ ತೋಳು ಬಿಳಚಿತ್ತು. ಜಮಖಾನದ ಮೇಲೆ ಅಪ್ಪ, ಮಾವ, ಇಬ್ಬರು ಹಿರಿಯರು.

"ಬರ್ರಿ ಮಾಸ್ತರ" ಎಂದ ಅಪ್ಪ. ಅಷ್ಟೇ.

ನಮ್ಮ ಮನೆಗೆ ಯಾರೇ ಬರಲಿ, ಮಾಲು ತಂದ ರೈತನೋ ವಿಮೆಯ ಏಜೆಂಟನೋ, "ಬರ್ರಿ, ಕುಂದರ್ರಿ" ಎಂದು ಒಂದೇ ಉಸಿರಿಗೆ ಬರುತ್ತಿತ್ತು. ಅವತ್ತು ಅರ್ಧವೇ ಬಂತು. ಮಾವ ಸರ್ ಹೆಸರು ಕೇಳಿದ, ಊರು ಕೇಳಿದ, "ಊರಾಗ ಯಾವ ಓಣ್ಯಾಗ ಬರ್ತೈತಿ ನಿಮ್ಮನಿ?" ಎಂದೂ ಕೇಳಿದ. ಸರ್ ನೆಟ್ಟಗೆ ಓಣಿಯ ಹೆಸರು ಹೇಳಿದರು. ಅಲ್ಲಿಗೆ ಬಾಕಿ ಅರ್ಧ ಬರುವ ಆಸೆಯೂ ಹೋಯಿತು. ಉಳಿದವರಿಗೆ ಪಿಂಗಾಣಿಯ ಕಪ್ಪು-ಬಸಿಯಲ್ಲಿ ಚಹಾ ಬಂತು, ಸರ್‌ಗೆ ಹೊರಗಿನ ಗೂಡಿನಲ್ಲಿ ಇರುತ್ತಿದ್ದ ಗಾಜಿನ ಗ್ಲಾಸಿನಲ್ಲಿ. ಆ ಗ್ಲಾಸು ಯಾರಿಗೆಂದು ಇದ್ದದ್ದು ಎಂದು ನನಗೆ ಗೊತ್ತಿತ್ತು. ನನ್ನ ಮನೆ, ನನ್ನ ಅಪ್ಪ, ನನ್ನ ಅವ್ವ ಕಾಸಿದ ಚಹಾ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಸರ್ ಗ್ಲಾಸನ್ನು ಕಿಟಕಿಯಲ್ಲಿಟ್ಟು ವಾದಕ್ಕೆ ಶುರು ಮಾಡಿದರು.

"ಹೆಣ್ಣ ಹುಡುಗಿ. ಅಷ್ಟು ದೂರ ಹೆಂಗ ಕಳಸೋದ್ರಿ?" ಎಂದ ಅಪ್ಪ.

"ಮದುವಿ ಮಾಡಿ ಸೊಲ್ಲಾಪುರಕ್ಕ ಕಳಸ್ತೀರಿ, ಪುಣೆಕ್ಕ ಕಳಸ್ತೀರಿ. ಅವಾಗ ದೂರ ಆಗಂಗಿಲ್ಲೇನ್ರಿ?"

"ವಕೀಲಕಿ ಅಂದ್ರ ಸುಳ್ಳು ಹೇಳೋ ಉದ್ಯೋಗ" ಎಂದ ಮಾವ. "ಮರ್ಯಾದಸ್ತರ ಮನಿ ಹುಡುಗಿಗೆ ಒಪ್ಪಂಗಿಲ್ಲ."

"ನಿಮ್ಮ ಹೊಲದ ಕೇಸು ಕೋರ್ಟಿನ್ಯಾಗ ಐತೆಲ್ರಿ? ನಿಮ್ಮ ವಕೀಲರು ಅಲ್ಲಿ ಹೇಳಾಕತ್ತಿದ್ದು ಸುಳ್ಳೋ, ಖರೇನೋ? ಒಂದು ಹೇಳ್ರಿ."

ಹಿರಿಯರಲ್ಲೊಬ್ಬ ಕಿಸಕ್ಕೆಂದು ನಕ್ಕ. ಮಾವನ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ಬಂತು. ಅಪ್ಪ ಹೇಳಿದ್ದಕ್ಕೆಲ್ಲ ಸರ್ ಬಳಿ ಉತ್ತರವಿತ್ತು. ಉತ್ತರ ಕೊಡುತ್ತ ಧ್ವನಿ ಏರಿತು, ಬೆರಳು ಏರಿತು, ನಿಂತ ಕ್ಲಾಸಿನಲ್ಲಿ ನಮ್ಮ ಮೇಲೆ ಕೂಗುವಂತೆಯೇ ಕೂಗತೊಡಗಿದರು. ಒಂದೊಂದು ಮಾತಿಗೂ ಅಪ್ಪನ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು. ಅವರು ಗೆಲ್ಲುತ್ತಿದ್ದರು, ನಾನು ಮುಳುಗುತ್ತಿದ್ದೆ. ಕೋರ್ಟಿನಲ್ಲಿ ಎದುರು ಪಕ್ಷದವರನ್ನು ಬಗ್ಗುಬಡಿದರೂ ತೀರ್ಪು ಕೊಡುವವನು ಬೇರೆ ಕುಳಿತಿರುತ್ತಾನೆ. ನಮ್ಮ ಪಡಸಾಲೆಯಲ್ಲಿ ಎದುರು ಪಕ್ಷವೂ ಅಪ್ಪನೇ, ನ್ಯಾಯಾಧೀಶನೂ ಅಪ್ಪನೇ. ತನ್ನ ಮನೆಯಲ್ಲಿ, ಹೆಂಡತಿಯ ಅಣ್ಣನ ಮುಂದೆ, ತಾನು ಕೂರಿಸದ ಮನುಷ್ಯನಿಂದ ಸೋತ ಗಂಡಸು ಸಹಿ ಹಾಕುವುದುಂಟೇ? ಅಷ್ಟು ಓದಿದ ಸರ್‌ಗೆ ಇದು ಹೊಳೆಯಲಿಲ್ಲ. ನನಗೆ ಅಪ್ಪನ ಮೇಲೆ ಇದ್ದಷ್ಟೇ ಸಿಟ್ಟು ಆ ಕ್ಷಣ ಅವರ ಮೇಲೂ ಬಂತು.

ನಾನು ಬಾಗಿಲು ದಾಟಿ ಪಡಸಾಲೆಗೆ ಬಂದೆ. "ಸರ, ಕುಂದರ್ರಿ" ಎಂದೆ.

ಸರ್ ನನ್ನನ್ನು ನೋಡಿದರು. ಅವರ ಏರಿದ ಬೆರಳು ಹಾಗೇ ಇತ್ತು. ಕುಂದರ್ರಿ ಎಂದಾಗ ಕೂರಬಾರದೆಂದು ನನಗೆ ಕಲಿಸಿದವರೇ ಅವರು. ಆದರೆ ಆ ಮನೆಯಲ್ಲಿ ಅವರಿಗೆ ಯಾರೂ ಹೇಳದಿದ್ದ ಮಾತು ಅದು. ನಾನು ಮತ್ತೊಮ್ಮೆ ಹೇಳಿದೆ. "ಇಲ್ಲಿ ಜಮಖಾನದ ಮ್ಯಾಲೆ ಕುಂದರ್ರಿ ಸರ. ಇದು ನನ್ನ ಕೇಸು. ನಾ ಮಾತಾಡ್ತೇನಿ."

ಸರ್ ಕೈ ಇಳಿಸಿದರು. ಚಪ್ಪಲಿ ಹೊರಗೇ ಬಿಟ್ಟಿದ್ದರು, ಆದರೂ ಒಮ್ಮೆ ಪಾದ ನೋಡಿಕೊಂಡರು. ಆಮೇಲೆ ಮಾವನ ಪಕ್ಕದಲ್ಲಿ ಕುಳಿತರು. ಮಾವ ಗೋಡೆಯ ಕಡೆ ಸರಿದ.

"ಯಾರಿಗೆ ಕುಂದರ್ರಿ ಅಂದಿ ನೀ?" ಎಂದು ಅಪ್ಪ ಗದರಿದ.

"ನನಗ ಕಲಿಸಿದವರಿಗೆ, ಅಪ್ಪಾ."

ಏನು ತಪ್ಪು ಎಂದು ಅವನು ಬಾಯಿಬಿಟ್ಟು ಹೇಳಲಾರ. ಹೇಳಿದರೆ ತನ್ನ ಮರ್ಯಾದೆಯೇ ಹೋಗುತ್ತದೆ. ಆ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. "ಬಾಯಿ ಮುಚ್ಚಿ ಕುಂದರು!"

ನಾನು ನಿಂತೇ ಹೇಳಿದೆ. "ಅಪ್ಪಾ, ಮಾಲಿನ ಧಣಿ ಎದುರಿಗೆ ಇರದೇ ಲಿಲಾವ ಕೂಗಂಗಿಲ್ಲ ಅಂತ ನೀವು ಅಂಗಡ್ಯಾಗ..."

"ಕುಂದರು ಅಂದ್ನಿ!"

"...ಅಂಗಡ್ಯಾಗ ಹೇಳ್ತೀರಿ. ಇಲ್ಲಿ ಮುಂಜಾನಿಯಿಂದ ನನ್ನ ಲಿಲಾವ ನಡದೈತಿ. ಮಾವ ಮಾತಾಡಿದ್ರು, ನೀವು ಮಾತಾಡಿದ್ರಿ, ಸರೂ ಮಾತಾಡಿದ್ರು. ನನ್ನ ಯಾರೂ ಕೇಳಲಿಲ್ಲ. ನನಗ ಮುತ್ತುನ ಮದುವಿ ಆಗೋದು ಬ್ಯಾಡ. ನನಗ ಓದೋದು ಐತಿ. ನೀವು ಸಹಿ ಹಾಕಲಿಲ್ಲಂದ್ರ ನಾ ಓಡಿ ಹೋಗಂಗಿಲ್ಲ, ಬಾವಿ ಬೀಳಂಗಿಲ್ಲ. ಇಲ್ಲೇ ನಿಲ್ತೇನಿ. ಕುಂದರಂಗಿಲ್ಲ."

"ಕೇಳಿದ್ಯಾ ನೀಲಪ್ಪ?" ಅಪ್ಪ ಮಾವನ ಕಡೆ ತಿರುಗಿದ. "ಈಗಽ ಹಿಂಗ ಮಾತಾಡಾಕತ್ತಾಳ. ಓದಿ ಬಂದ್ರ ನಮ್ಮನ್ನಽ ಕೋರ್ಟಿಗೆ ಎಳಿತಾಳ. ಇಕಿಗೆ ಓದು ಬ್ಯಾಡ ಅನ್ನಾಕ ಇದಕ್ಕಿಂತ ಇನ್ನೇನ ಬೇಕು?"

ಚೆನ್ನಾಗಿ ಮಾತಾಡಿದ್ದೇ ನನ್ನ ತಪ್ಪಾಯಿತು. ತೊದಲಿದ್ದರೆ ದಡ್ಡಿಗೆ ಓದು ಯಾಕೆ ಎನ್ನುತ್ತಿದ್ದರು. ಹಿರಿಯರು ತಲೆಯಾಡಿಸಿದರು. ಒಬ್ಬ ಆಗಲೇ ರುಮಾಲು ಸರಿಮಾಡಿಕೊಂಡು ಊಟದ ವಾಸನೆ ಹಿಡಿಯುತ್ತಿದ್ದ.

ಆಗ ಅಡಿಗೆ ಮನೆಯ ಬಾಗಿಲಿನಿಂದ ಆಯಿ ಬಂದಳು. ಆಯಿ ಎಂದರೆ ಅಪ್ಪನ ತಾಯಿ ಶೇವಂತೆವ್ವ. ಅವಳು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಚೌಕಟ್ಟು ಹಿಡಿದು ನಿಂತು ಎಷ್ಟು ತೀರ್ಮಾನ ಕೇಳಿದ್ದಳೋ. ಮೊಣಕಾಲು ಊದಿತ್ತು. ಕಾಲೆಳೆಯುತ್ತ ಬಂದು ಜಮಖಾನದ ನಟ್ಟನಡುವೆ, ನನ್ನ ಪಕ್ಕದಲ್ಲಿ ನಿಂತಳು.

ಅಪ್ಪ ಧಡಕ್ಕನೆ ಎದ್ದ. ಹೆತ್ತ ತಾಯಿ ಎದುರಿಗೆ ನಿಂತಿರುವಾಗ ಮಗ ಕೂರುವುದು ನಮ್ಮಲ್ಲಿಲ್ಲ. ಮಾವನೂ ಎದ್ದ. ಹಿರಿಯರಿಬ್ಬರೂ ಅವಳಿಗಿಂತ ಕಿರಿಯರೇ, ಸೊಂಟ ಹಿಡಿದುಕೊಂಡು ಅವರೂ ಎದ್ದರು.

"ಯವ್ವಾ, ಕುಂದರು. ಕಾಲ ನೋಯ್ತಾವು" ಎಂದ ಅಪ್ಪ.

"ಒಲ್ಲೆ. ಹುಡುಗಿ ಕುಂತ ಮ್ಯಾಲೆ ಕುಂದರ್ತೇನಿ" ಎಂದಳು ಆಯಿ. "ಬಾಗಲ ಹಿಂದ ಇಷ್ಟು ವರ್ಸ ನಿಂತೆ. ಒಬ್ಬರರ ಎದ್ರೇನು? ನಡುವ ನಿಂತ್ರ ಕಾಣ್ತೇನಲ್ಲ ಈಗ. ನಿಲ್ರಿ ನೀವೂ."

ಸರ್ ಕೂಡ ಏಳಲು ನೆಲಕ್ಕೆ ಕೈಯೂರಿದ್ದರು. ಆಯಿ ಅವರ ಕಡೆ ತಿರುಗಿದಳು. "ನೀವು ಏಳಬ್ಯಾಡ್ರಿ ಮಾಸ್ತರ. ನಮ್ಮ ಹುಡುಗಿ ನಿಮಗ ಕುಂದರ್ರಿ ಅಂದಾಳ. ಕುಂದರ್ರಿ."

ನಿಂತರು ಎಲ್ಲರೂ, ಸರ್ ಒಬ್ಬರನ್ನು ಬಿಟ್ಟು. ಚಹಾ ಆರಿತು. ಒಳಗೆ ರೊಟ್ಟಿಯ ಬುಟ್ಟಿ ಮುಚ್ಚಿಕೊಂಡು ಅವ್ವನೂ ನಿಂತಳು. ಆಯಿ ನಿಂತಿರುವಾಗ ಊಟಕ್ಕೆ ಕೂರುವವರು ಯಾರು? ಹಿರಿಯರು ಕಾಲು ಬದಲಿಸಿ ಬದಲಿಸಿ ನಿಂತರು, ಕೆಮ್ಮಿದರು, ಕೊನೆಗೆ ಅವರೇ, "ಮುಗಸಪಾ ಗುರುಶಿದ್ದಪ್ಪ, ಹಾಕಿಬಿಡು ಅತ್ಲಾಗ" ಎಂದರು. ಓದಿನ ಮೇಲೆ ಪ್ರೀತಿ ಬಂದು ಅಲ್ಲ, ಕಾಲು ಸೋತು, ಹಸಿದು. ಅಪ್ಪ ಜೇಬಿನ ಪೆನ್ನು ತೆಗೆದು, ಅರ್ಜಿಯನ್ನು ಕಂಬಕ್ಕೆ ಒತ್ತಿ, ನಿಂತೇ ಸಹಿ ಹಾಕಿದ. ನನ್ನ ಮುಖ ನೋಡದೆ ಹಾಳೆ ಎಸೆದ. ಮಾವ ಉಣ್ಣದೆ ಹೋದ.

ಸರ್ ಕೂಡ ಉಣ್ಣಲಿಲ್ಲ. ಮರುದಿನ ಕ್ಲಾಸಿಗೆ ಹೋದರೆ ಅವರು ಮೆಟ್ಟಿಲ ಮೇಲೆ ನಿಂತಿದ್ದಾರೆ. ಒಳಗೆ ಬನ್ನಿ ಎಂದರೂ ಬರಲಿಲ್ಲ. "ನಿನ್ನಿ ಕುಂತೇನಿ. ಇವತ್ತ ನಾ ಹೊರಗ. ಅಲ್ಫಿಯಾ, ಪಾಠ ನೀ ತಗೋ" ಎಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ಆ ಮನೆಯಲ್ಲಿ ಸಿಕ್ಕ ಒಂದೇ ಒಂದು ಕೂರುವಿಕೆಗೂ ದಂಡ ಕಟ್ಟಿಕೊಂಡ ಆ ಮನುಷ್ಯನನ್ನು ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು.

ಪರೀಕ್ಷೆ ಬರೆದೆ. ಸರ್ ಹೇಳಿದ್ದ ಕಾಲೇಜು ಸಿಗಲಿಲ್ಲ, ಬೆಂಗಳೂರಿನಲ್ಲೇ ಇನ್ನೊಂದು ಸಿಕ್ಕಿತು. ಎರಡು ಸಾವಿರದ ಎರಡರಲ್ಲಿ ಪದವಿ ಮುಗಿಸಿ, ವಕೀಲಳಾಗಿ ಊರಿಗೆ ಬಂದೆ. ಸುದ್ದಿ ಕೇಳಿ ಸರ್ ಧಾರವಾಡ ಪೇಢೆಯ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಅಷ್ಟರಲ್ಲಿ ಅಪ್ಪ ಅಂಗಡಿಗೆ ಬಂದವರಿಗೆಲ್ಲ, "ನನ್ನ ಮಗಳು ವಕೀಲ್ರು" ಎಂದು ಹೇಳಿಕೊಂಡು ತಿರುಗುತ್ತಿದ್ದ. ಸರ್ ಅವರನ್ನು ನೋಡಿ ತಾನೇ ಒಳಗಿನಿಂದ ಹೊಸ ಕುರ್ಚಿ ಎತ್ತಿ ತಂದ. ಪಡಸಾಲೆಯ ನಡುವೆ ಇಟ್ಟು, ಹೆಗಲ ಟವೆಲಿನಿಂದ ಒರೆಸಿದ.

"ಬರ್ರಿ ಸರ, ಕುಂದರ್ರಿ."

ಸರ್ ಕುರ್ಚಿ ನೋಡಿದರು, ಅಪ್ಪನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗದ್ದು.

"ಇರಲಿ ಬಿಡ್ರಿ ಸಾವಕಾರ್ರ. ಮಂದಿ ಕುಂದರ್ರಿ ಅಂದಕೂಡ್ಲೆ ಕುಂದರಬಾರದು ಅಂತ ಹುಡುಗರಿಗೆ ಕಲಿಸಾಕತ್ತೇನಿ. ಈ ಮನ್ಯಾಗ ಒಮ್ಮೆ ಕುಂತೇನಿ. ಅಷ್ಟು ಸಾಕು."

ಅಪ್ಪ ಇನ್ನೊಮ್ಮೆ "ಕುಂದರ್ರಿ" ಎಂದ, ಸಣ್ಣ ಧ್ವನಿಯಲ್ಲಿ. ಸರ್ ಕಪ್ಪು-ಬಸಿಯಲ್ಲಿ ಬಂದ ಚಹಾವನ್ನು ನಿಂತೇ ಕುಡಿದರು. ಅವರು ನಿಂತಿರುವಾಗ ಅಪ್ಪನಿಗೂ ಕೂರಲಾಗಲಿಲ್ಲ. ಅಪ್ಪನ ಮೇಲೆ ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಸರ್ ಹೋದ ಮೇಲೂ ಆ ಕುರ್ಚಿ ಸಂಜೆಯವರೆಗೆ ಪಡಸಾಲೆಯ ನಡುವೆ ಹಾಗೇ ಇತ್ತು. ಎತ್ತಿಡು ಎಂದು ಅಪ್ಪ ನನಗೆ ಎರಡು ಸಲ ಹೇಳಿದ. ನಾನು ಮುಟ್ಟಲಿಲ್ಲ. ಕೊನೆಗೆ ತಾನೇ ಎತ್ತಿಕೊಂಡು ಹೋಗಿ ಒಳಗಿಟ್ಟ.